ಸತ್ಯಾಂಶ: ಪೂರ್ವ ಆಫ್ರಿಕಾದ ಭಾರತೀಯರೆಲ್ಲ ರೈಲ್ವೆ ಕೂಲಿಗಳ ವಂಶಜರೇ?

‘ಕೀನ್ಯಾ, ಉಗಾಂಡಾದ ಭಾರತೀಯರೆಲ್ಲ ಬ್ರಿಟಿಷರು ರೈಲು ಹಳಿ ಹಾಕಲು ಕರೆದೊಯ್ದ ಕೂಲಿಗಳ ಮಕ್ಕಳು, ಮೊಮ್ಮಕ್ಕಳು’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಪದೇ ಪದೇ ಬರುತ್ತದೆ. ಇದು ಅರ್ಧ ಸತ್ಯ.

ಕೀನ್ಯಾದ ಬಂದರು ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ 1896ರಿಂದ 1901ರವರೆಗೆ ಹಳಿ ಹಾಕಿದ್ದು ನಿಜ. ಅದಕ್ಕಾಗಿ ಸುಮಾರು 32,000 ಮಂದಿಯನ್ನು, ಹೆಚ್ಚಾಗಿ ಪಂಜಾಬಿನಿಂದ, ಕರಾರಿನ ಮೇಲೆ ಕರೆದೊಯ್ಯಲಾಯಿತು. ಸುಮಾರು 2,500 ಮಂದಿ ಅಲ್ಲಿಯೇ ಸತ್ತರು. ತ್ಸಾವೊ ನದಿಯ ಸೇತುವೆ ಕಟ್ಟುವಾಗ, 1898ರಲ್ಲಿ, ಎರಡು ಸಿಂಹಗಳು ಕೆಲಸಗಾರರನ್ನು ಡೇರೆಗಳಿಂದಲೇ ಎಳೆದೊಯ್ದವು. ಈ ಕಷ್ಟವನ್ನು ಯಾರೂ ಹಗುರವಾಗಿ ಕಾಣಬಾರದು.

ಆದರೆ ಬದುಕುಳಿದವರಲ್ಲಿ ಬಹುತೇಕರು ಊರಿಗೆ ಮರಳಿದರು. ಅಲ್ಲಿ ನೆಲೆನಿಂತವರು ಸುಮಾರು 6,700 ಮಂದಿ ಮಾತ್ರ.

ಹಳಿಗಿಂತ ಬಹಳ ಮೊದಲೇ ಕಛ್ ಮತ್ತು ಗುಜರಾತಿನ ವರ್ತಕರು ಹಾಯಿ ಹಡಗಿನಲ್ಲಿ ಪೂರ್ವ ಆಫ್ರಿಕಾ ಕರಾವಳಿಯ ದ್ವೀಪ ಜಂಜಿಬಾರ್‌ಗೆ ಹೋಗಿ ಬರುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸುಲ್ತಾನನ ಸುಂಕ ವಸೂಲಿಯ ಗುತ್ತಿಗೆಯೇ ಕಛ್‌ನ ಜೈರಾಮ್ ಶಿವಜಿ ಮನೆತನದ ಕೈಯಲ್ಲಿತ್ತು. ಕಛ್‌ನವರೇ ಆದ ವರ್ತಕ ಅಲ್ಲಿದಿನಾ ವಿಸ್ರಾಮ್ ಹಳಿಯ ಉದ್ದಕ್ಕೂ, ಉಗಾಂಡಾದ ಒಳನಾಡಿನಲ್ಲಿಯೂ ಅಂಗಡಿ ತೆರೆದರು. ಬಟ್ಟೆ, ಉಪ್ಪು ಕೊಟ್ಟು ಸ್ಥಳೀಯರ ಬೆಳೆ ಕೊಳ್ಳುವ ಇಂಥ ವ್ಯಾಪಾರಕ್ಕಾಗಿ ಸ್ವಂತ ಖರ್ಚಿನಲ್ಲಿ ಹೋದವರೇ, ಗುಮಾಸ್ತ ಕೆಲಸಕ್ಕೆ ಹೋದ ಗೋವಾದವರ ಜೊತೆಗೆ, ಅಲ್ಲಿನ ಭಾರತೀಯ ಸಮಾಜದ ಬಹುಭಾಗ. ಆ ಸೀಮೆಯಲ್ಲಿ 1920ರ ಆಸುಪಾಸಿನವರೆಗೂ ರೂಪಾಯಿಯೇ ಚಲಾವಣೆಯಲ್ಲಿತ್ತು.