ಗೊರಕೆ ಅಂದುಕೊಂಡು ಸುಮ್ಮನಿದ್ದೆವು

ಮೂರು ವರ್ಷದ ಹಿಂದೆ ನಮ್ಮೂರಿನ ಛತ್ರದಲ್ಲಿ ಮದುವೆ ಊಟ ನಡೆಯುತ್ತಿತ್ತು. ಎರಡನೇ ಪಂಕ್ತಿಯಲ್ಲಿ ಕೂತಿದ್ದ ದೊಡ್ಡಪ್ಪ ಎಲೆ ಮುಂದೆಯೇ ಪಕ್ಕಕ್ಕೆ ವಾಲಿದರು. ಅಷ್ಟೊಂದು ಜನ ಇದ್ದೆವು. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು, ಒಬ್ಬರು ಅಂಗಾಲು ಉಜ್ಜಿದರು, ಯಾರೋ ಸೋಡಾ ತರಲು ಓಡಿದರು, ನಾನು ಟವೆಲ್‌ನಿಂದ ಗಾಳಿ ಬೀಸುತ್ತಾ ನಿಂತಿದ್ದೆ. ಅವರ ಗಂಟಲಿಂದ ಆಗಾಗ ಗೊರ್ ಅಂತ ಸದ್ದು ಬರುತ್ತಿತ್ತು. "ಉಸಿರಾಡ್ತಾ ಇದ್ದಾರೆ, ಏನೂ ಆಗಿಲ್ಲ, ಗಾಳಿ ಬಿಡ್ರಪ್ಪ" ಅಂದರು ಚಿಕ್ಕಪ್ಪ. ಎಲ್ಲರೂ ನಂಬಿದೆವು. 108 ಬರುವ ಹೊತ್ತಿಗೆ ಆ ಸದ್ದೂ ನಿಂತಿತ್ತು.

ಅದು ಉಸಿರಾಟವೇ ಅಲ್ಲ ಅಂತ ನನಗೆ ಗೊತ್ತಾಗಿದ್ದು ಹೋದ ತಿಂಗಳು, ಪಕ್ಕದ ಊರಲ್ಲಿ ನಡೆದ ಸಿಪಿಆರ್, ಅಂದ್ರೆ ಹೃದಯ ನಿಂತವರ ಎದೆ ಒತ್ತಿ ಬದುಕಿಸಲು ನೋಡುವ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ. ಹೃದಯ ನಿಂತ ಮೇಲೂ ಕೆಲವು ನಿಮಿಷ ಹೀಗೆ ಬಾಯಿ ತೆರೆದು ಎಳೆದ ಹಾಗೆ ಆಗಬಹುದಂತೆ. ಕರೆದರೆ ಎಚ್ಚರ ಇಲ್ಲ, ಉಸಿರಾಟ ಸರಿಯಾಗಿಲ್ಲ ಅಂದ್ರೆ 108ಕ್ಕೆ ಫೋನ್ ಮಾಡಿಸಿ, ತಡ ಮಾಡದೆ ಎದೆ ಒತ್ತೋಕೆ ಶುರು ಮಾಡಬೇಕು. ಒತ್ತದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಸುಮಾರು ಶೇ. 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ಇದನ್ನು ಕೇಳಿದಾಗ ನನಗೆ ಆ ಟವೆಲ್ ನೆನಪಾಯಿತು. ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತು ಬಂದೆ.

ನಮ್ಮ ಹಾಸನ ಜಿಲ್ಲೆಯಲ್ಲಿ 2025ರಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂದಾಗ ಜನ ಎಷ್ಟು ಹೆದರಿದ್ದರು ಅಂತ ನಿಮಗೂ ನೆನಪಿರಬೇಕು. ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಉದ್ದುದ್ದ ಕ್ಯೂ. 2021ರಲ್ಲಿ ಅಪ್ಪು ಹೋದಾಗಲೂ ಹೀಗೇ ಎಲ್ಲರೂ ಇಸಿಜಿ ಮಾಡಿಸಲು ಓಡಿದೆವು. ತಪಾಸಣೆ ಬೇಡ ಅಂತ ನಾನು ಹೇಳ್ತಿಲ್ಲ. ಆದರೆ ಮನೆಯಲ್ಲಿ ಒಬ್ಬರು ಕುಸಿದು ಬಿದ್ದರೆ ಪಕ್ಕದಲ್ಲಿ ಇರೋದು ಹೆಂಡತಿ, ಮಗ, ಸೊಸೆ. ಅವರಿಗೆ ಕಲಿಸಬೇಕು ಅಂತ ಆಗ ನಮ್ಮೂರಲ್ಲಿ ಯಾರಿಗೂ ಹೊಳೆಯಲಿಲ್ಲ.

ಕಲಿಸೋದು ಅಂದ್ರೆ ಭಾಷಣ ಅಲ್ಲ. ಹಿಂದೊಮ್ಮೆ ಇಂಥದ್ದೇ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ, ಎರಡು ಗಂಟೆ ಮಾತು, ಎದೆ ಒತ್ತಿ ಅಭ್ಯಾಸ ಮಾಡೋಕೆ ಇನ್ನೂರು ಜನಕ್ಕೆ ಒಂದೇ ಗೊಂಬೆ, ವೇದಿಕೆ ಮೇಲಿದ್ದವರು ಅದರ ಎದೆ ಮುಟ್ಟಿ ಫೋಟೊ ತೆಗೆಸಿಕೊಂಡರು, ನಮಗೆಲ್ಲ ಸರ್ಟಿಫಿಕೇಟ್ ಸಿಕ್ಕಿತು, ಒಂದು ಸಲವೂ ಕೈ ಇಡೋಕೆ ಸಿಗಲಿಲ್ಲ. ಅದನ್ನು ತರಬೇತಿ ಅಂತ ನಾನು ಒಪ್ಪೋದಿಲ್ಲ.

ಈ ಸಲ ಹದಿನೈದು ಜನಕ್ಕೆ ಮೂರು ಗೊಂಬೆ, ನೆಲದ ಮೇಲೆ ಜಮಖಾನ. ಕಲಿಸಿದ ನರ್ಸ್ ಪಕ್ಕದಲ್ಲೇ ಮಂಡಿಯೂರಿ ಕೂತು "ಅಕ್ಕ, ಮೊಣಕೈ ಬಗ್ಗಿಸಬೇಡಿ, ಭುಜದ ಭಾರ ಬಿಡಿ" ಅಂತ ಒಬ್ಬೊಬ್ಬರಿಗೂ ಹೇಳಿಕೊಟ್ಟರು. ಎದೆಯ ನಡುಮಧ್ಯೆ ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ದೊಡ್ಡವರಿಗಾದರೆ 5ರಿಂದ 6 ಸೆಂಟಿಮೀಟರ್ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಬಾಯಿಗೆ ಬಾಯಿಟ್ಟು ಉಸಿರು ಕೊಡೋಕೆ ಬರದಿದ್ದರೆ ಬರೀ ಒತ್ತಿದರೂ ಸರಿ. ಆಳ ಸರಿ ಇದ್ದರೆ ಗೊಂಬೆ ಟಕ್ ಅನ್ನುತ್ತೆ. ನನ್ನ ಮೊದಲ ಹತ್ತು ಸಲಕ್ಕೆ ಅದು ಒಮ್ಮೆಯೂ ಟಕ್ ಅನ್ನಲಿಲ್ಲ. ಎರಡು ನಿಮಿಷಕ್ಕೆ ತೋಳು ಸೋತುಹೋಗಿತ್ತು, ಅದಕ್ಕೇ ಎರಡು ನಿಮಿಷಕ್ಕೊಬ್ಬರು ಬದಲಾಗಬೇಕು ಅನ್ನೋದು. ಅಂದ್ರೆ ಒಂದು ಮನೆಯಲ್ಲಿ ಒಬ್ಬರು ಕಲಿತರೆ ಸಾಲದು.

"ಪಕ್ಕೆಲುಬು ಮುರಿದರೆ?" ಅಂತ ನನ್ನ ಅತ್ತಿಗೆ ಕೇಳಿದಳು. ಮುರಿಯಬಹುದು, ಮೂಳೆ ಕೂಡಿಕೊಳ್ಳುತ್ತೆ ಅಂದರು ನರ್ಸ್. ಎಚ್ಚರ ಇದ್ದು ಎದೆ ನೋವು ಅನ್ನುವವರಿಗೆ ಮಾತ್ರ ಒತ್ತಬಾರದು, ಅವರನ್ನು ಬೇಗ ಆಸ್ಪತ್ರೆಗೆ ಸೇರಿಸಬೇಕು.

ನಮ್ಮೂರಲ್ಲಿ ಬೆಳಿಗ್ಗೆ ಸಂಜೆ ಎಲ್ಲ ಮನೆಯವರೂ ಸೇರುವ ಜಾಗ ಹಾಲಿನ ಡೈರಿ. ಅದೇ ನರ್ಸ್ ಮುಂದಿನ ಭಾನುವಾರ ಬೆಳಿಗ್ಗೆ ಹಾಲು ಹಾಕೋ ಹೊತ್ತಿಗೆ ಮೂರು ಗೊಂಬೆ ತಗೊಂಡು ಅಲ್ಲಿಗೆ ಬರಲು ಒಪ್ಪಿದ್ದಾರೆ. ಚಿಕ್ಕಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಂಗೆ ಮಂಡಿ ನೋವು, ಕೆಳಗೆ ಕೂರೋಕಾಗಲ್ಲ, ಆದ್ರೂ ಬರ್ತೀನಿ, ಆ ಗೊರಕೆ ಹೇಗಿರುತ್ತೆ ಅಂತ ನಾನೇ ಹೇಳ್ತೀನಿ" ಅಂದರು.