ಮೈದಾನದ ಬಿಳಿ ಗೆರೆ

ಪ್ರೌಢಶಾಲೆಯ ಪಿ.ಟಿ. ಮೇಷ್ಟ್ರು ಅಂದರೆ ಸೀಟಿ, ಟೋಪಿ, ಗದರುವ ದನಿ ಅಂದುಕೊಂಡವರೇ ಹೆಚ್ಚು. ಅವರ ವರ್ಷದ ಅಸಲಿ ಕೆಲಸವೆಲ್ಲ ಟೇಪು, ಹಗ್ಗ, ಗೂಟ ಮತ್ತು ಪುಡಿಯ ಬಕೆಟ್ಟಿನ ಜೊತೆ. ಗೆರೆ ಬೀಳುವವರೆಗೆ ಅದು ಊರಿನ ಬಯಲು, ದನ ಅಡ್ಡಾಡುತ್ತವೆ. ಗೆರೆ ಬಿದ್ದ ಮರುಗಳಿಗೆ ಅದನ್ನು ತುಳಿದವನು ಔಟು.

ಜೂನ್‌ನ ಮೊದಲ ಪಾಠ ಕಲ್ಲು ಆಯುವುದು. ಬೇಸಿಗೆಯಲ್ಲಿ ಅಲ್ಲಿ ಮದುವೆ ಶಾಮಿಯಾನ ನಿಂತಿದ್ದರೆ ಗೂಟದ ಗುಳಿ, ತುಕ್ಕು ಹಿಡಿದ ಮೊಳೆ ಬಳುವಳಿ. ಬರಿಗಾಲಲ್ಲಿ ಆಡುವ ಮಕ್ಕಳಿರುವ ಕಡೆ ಇದಕ್ಕೆ ವಾರವಿಡೀ ಹೋದರೂ ದಂಡವಲ್ಲ. ಖೊಖೊ ಕಂಬಗಳನ್ನೂ ಆಗಲೇ ಅಲುಗಾಡಿಸಿ ನೋಡಬೇಕು. ನೆಲದ ಮೇಲೆ 120 ಸೆಂ.ಮೀ. ನಿಂತ ಕಂಬಕ್ಕೆ ಹುಡುಗಿಯೊಬ್ಬಳು ಪೂರ್ತಿ ವೇಗದಲ್ಲಿ ಬಂದು ಕೈಕೊಟ್ಟು ತಿರುಗುತ್ತಾಳೆ. ಮಳೆಗೆ ಬುಡ ಸಡಿಲಾಗಿದ್ದರೆ ಕಂಬದ ಜೊತೆ ಅವಳೂ ನೆಲಕ್ಕೆ.

ಹೋಬಳಿ ಮಟ್ಟದ ಕ್ರೀಡಾಕೂಟ ಬಂದು ವಕ್ಕರಿಸುವುದು ಮುಂಗಾರಿನಲ್ಲೇ. ಬೆಳಿಗ್ಗೆ ಹಾಕಿದ ಗೆರೆ ಮಧ್ಯಾಹ್ನಕ್ಕೆ ಹಾಲಿನಂತೆ ಹರಿದುಹೋಗಿರುತ್ತದೆ. ಹಾಗಾಗಿ ಜಾಣರು ಮೂಲೆಗಳಿಗೆ ಗೂಟವನ್ನು ನೆಲಮಟ್ಟಕ್ಕೆ ಹೊಡೆದು ಬಿಟ್ಟಿರುತ್ತಾರೆ. ಎಷ್ಟು ಸಲ ತೊಳೆದುಹೋದರೂ ಮತ್ತೆ ಅಳೆಯುವ ಪಾಡಿಲ್ಲ. ಖೊಖೊ ಅಂಕಣ 27 ಮೀಟರ್ ಉದ್ದ, 16 ಮೀಟರ್ ಅಗಲ. ನಾಲ್ಕು ಬದಿ ಸರಿಯಿದೆ ಅಂತ ನೆಮ್ಮದಿಯಿಂದ ಕೂರುವಂತಿಲ್ಲ, ಅಂಕಣ ಸೊಟ್ಟಗಿದ್ದರೂ ಬದಿಗಳ ಅಳತೆ ಸರಿಯೇ ಬರುತ್ತದೆ. ಮೂಲೆಗೆ 3, 4, 5 ಮೀಟರಿನ ತ್ರಿಕೋನ ಹಿಡಿದು, ಕೊನೆಗೆ ಎರಡೂ ಕರ್ಣ 31.38 ಮೀಟರ್ ಬಂತೇ ನೋಡಬೇಕು. 13ಕ್ಕೆ 10ರ ಕಬಡ್ಡಿ ಅಂಕಣವಾದರೆ 16.40.

ಪುಡಿಯ ವಿಷಯದಲ್ಲಿ ಜಿಪುಣತನ ಬೇಡ. ಗೋಡೆಗೆ ಬಳಿಯುವ ಸುಣ್ಣ ಅಗ್ಗವೇನೋ ಹೌದು, ಆದರೆ ಒದ್ದೆ ಮೈಗೆ ತಾಗಿದರೆ ಸುಡುತ್ತದೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಯೇ ಗತಿ. ಕಬಡ್ಡಿಯಲ್ಲಂತೂ ಮಧ್ಯಗೆರೆ ಮುಟ್ಟಲು ಮುಖ ಕೊಟ್ಟು ಬೀಳುವವರೇ ಎಲ್ಲ. ಸೀಮೆಸುಣ್ಣದ ಪುಡಿಗೆ ಈ ಕಾಟವಿಲ್ಲ.

ಆಗಸ್ಟ್ 15ರ ಪಥಸಂಚಲನ ನಡುವೆ ಎರಡು ವಾರ ತಿಂದುಹಾಕುತ್ತದೆ. ಪ್ರತಿ ಸಾಲಿನಲ್ಲೂ ಎಡಗಾಲಿನ ಜೊತೆ ಎಡಗೈಯನ್ನೇ ಬೀಸುವ ಒಬ್ಬ ಇದ್ದೇ ಇರುತ್ತಾನೆ. ಬೈದಷ್ಟೂ ಅವನ ಕೈ ಬಿಗಿಯುತ್ತದೆ. ‘ಅಂಗಡಿಗೆ ಹೋಗಿ ಬಾ’ ಅಂತ ಸುಮ್ಮನೆ ನಡೆಸಿ, ನಡಿಗೆ ಸರಿಬಂದ ಮೇಲೆ ‘ಏಕ್ ದೋ’ ಸೇರಿಸಿದರೆ ಸಾಕು.

ಮಳೆ ನಿಂತ ಮೇಲಿನ ವಾರ್ಷಿಕ ಕ್ರೀಡಾಕೂಟಕ್ಕೆ 200 ಮೀಟರ್ ಟ್ರ್ಯಾಕ್ ಬೇಕು. 400ಕ್ಕೆ ಜಾಗವಿರುವ ಶಾಲೆ ಪುಣ್ಯವಂತರದ್ದು. ನೇರ ಭಾಗ 40 ಮೀಟರಿನ ಎರಡು, ತಿರುವು 60ರ ಎರಡು. 60ನ್ನು ಪೈಯಿಂದ ಭಾಗಿಸಿದರೆ ಓಟದ ತ್ರಿಜ್ಯ 19.10. ಗೆರೆಯ ಮೇಲೇ ಯಾರೂ ಓಡುವುದಿಲ್ಲ, 20 ಸೆಂ.ಮೀ. ಆಚೆ ಓಡುತ್ತಾರೆ ಎಂಬ ಲೆಕ್ಕದಲ್ಲಿ ಗೆರೆಯನ್ನು 18.90ಕ್ಕೆ ಹಾಕಬೇಕು. ನೈಲಾನ್ ಹಗ್ಗ ಹಿಡಿದು ಸುತ್ತಿದರೆ ಕೆಟ್ಟಿತು. ಎಳೆದಾಗ ಅದು 10 ಸೆಂ.ಮೀ. ಹಿಗ್ಗಿದರೂ ಸುತ್ತಿಗೆ 63 ಸೆಂ.ಮೀ. ಹೆಚ್ಚುತ್ತದೆ. ಸ್ಟೀಲ್ ಟೇಪೇ ಸರಿ.

ಆಮೇಲೆ ಸ್ಟ್ಯಾಗರ್, ಅಂದರೆ ತಿರುವಿನಲ್ಲಿ ಹೊರ ಲೇನಿನವರು ಹೆಚ್ಚು ಓಡಬೇಕಾಗುವುದರಿಂದ ಅವರನ್ನು ಅಷ್ಟು ಮುಂದೆ ನಿಲ್ಲಿಸುವ ಲೆಕ್ಕ. 1.22 ಮೀಟರ್ ಅಗಲದ ಲೇನಿಗೆ, ಒಂದು ಸುತ್ತಿನ ಓಟಕ್ಕೆ, ಎರಡನೇ ಲೇನಿನವನನ್ನು 7.04 ಮೀಟರ್ ಮುಂದೆ ನಿಲ್ಲಿಸಬೇಕು ಎಂಬುದು ಎಲ್ಲರಿಗೂ ಬಾಯಿಪಾಠ. ಟ್ರ್ಯಾಕ್ 200ರದ್ದೇ ಇರಲಿ, 400ರದ್ದೇ ಇರಲಿ, ಅಂಕಿ ಬದಲಾಗದು. ತ್ರಿಜ್ಯ ಎಷ್ಟಿದ್ದರೂ ಲೆಕ್ಕಕ್ಕೆ ಬರುವುದು ಲೇನುಗಳ ನಡುವಿನ ಅಂತರ ಮಾತ್ರ. ಆದರೆ ಆ 7.04 ಒಳಬದಿಗೆ ಎತ್ತರದ ಅಂಚುಕಟ್ಟೆಯಿರುವ ಕ್ರೀಡಾಂಗಣದ್ದು. ಅಲ್ಲಿ ಮೊದಲ ಲೇನನ್ನು ಕಟ್ಟೆಯಿಂದ 30 ಸೆಂ.ಮೀ. ಬಿಟ್ಟು ಅಳೆಯುತ್ತಾರೆ. ಎಲ್ಲ ಲೇನಿಗೂ 20 ಸೆಂ.ಮೀ.ಯನ್ನೇ ಬಿಡುವ, ಬರೀ ಪುಡಿಗೆರೆಯ ಶಾಲಾ ಮೈದಾನಕ್ಕೆ ಬೇಕಾದದ್ದು 7.67. ಬಾಯಿಪಾಠವನ್ನೇ ನಂಬಿದರೆ ಹೊರ ಲೇನಿನ ಮಕ್ಕಳೆಲ್ಲ 63 ಸೆಂ.ಮೀ. ಹೆಚ್ಚು ಓಡುತ್ತಾರೆ, ಎದೆಯಳತೆಯಲ್ಲಿ ಸೋಲುತ್ತಾರೆ, ‘ಲಕ್ ಇರಲಿಲ್ಲ’ ಅಂತ ಮನೆಗೆ ಹೋಗುತ್ತಾರೆ. ಗುಂಡೆಸೆತದ್ದು ಇಷ್ಟು ರಗಳೆಯಿಲ್ಲ: 2.135 ಮೀಟರ್ ವ್ಯಾಸದ ವೃತ್ತ, ಕೇಂದ್ರದಿಂದ 10 ಮೀಟರ್ ದೂರದಲ್ಲಿ, ಗುಂಡು ಬೀಳಬೇಕಾದ ಜಾಗದ ಎರಡು ಗೆರೆಗಳ ನಡುವೆ 6 ಮೀಟರ್. ಕೋನಮಾಪಕವಿಲ್ಲದೆ 34.92 ಡಿಗ್ರಿ ಸಿಕ್ಕಿತು.

ಜನವರಿ ದಾಟಿದರೆ ಹತ್ತನೇ ತರಗತಿಯ ಪಿ.ಟಿ. ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಎಸ್ಸೆಸ್ಸೆಲ್ಸಿಯ 625 ಅಂಕದಲ್ಲಿ ಆಟಕ್ಕೆ ಒಂದೂ ಇಲ್ಲದ ಮೇಲೆ ಯಾರೂ ಕೊಸರಾಡುವುದಿಲ್ಲ. ಗಣಿತದವರು ಬಾಗಿಲು ಹಾಕಿಕೊಂಡು ಪೈಥಾಗೊರಸ್ ಪ್ರಮೇಯ, ವೃತ್ತದ ಕಂಸದ ಉದ್ದ ತಿದ್ದಿಸುತ್ತಾರೆ. ಅದೇ ಹೊತ್ತಿಗೆ ಎಂಟನೇ ತರಗತಿಯ ಇಬ್ಬರು ಹೊರಗೆ ಥ್ರೋಬಾಲ್ ಅಂಕಣದ ಮೂಲೆಯಲ್ಲಿ ಟೇಪಿನ ತುದಿ ಹಿಡಿದು, ಐದು ಮೀಟರ್ ಬಂತಾ ಅಂತ ಕೂಗಾಡುತ್ತಿರುತ್ತಾರೆ.