ದೂರವೇ ಯಾಕೆ ಬೇಕು?

ಮಕ್ಕಳನ್ನು ಮನೆಯಲ್ಲಿ ಬಿಟ್ಟು ದಂಪತಿ ಒಂದು ರಾತ್ರಿ ಸ್ಪಾ ಹೋಟೆಲಿನಲ್ಲಿ ತಂಗುವುದಾದರೆ ಊರಿನಿಂದ ದೂರ ಹೋದಷ್ಟೂ ಒಳ್ಳೆಯದು ಎಂದು, ಅಂಥ ತಂಗುವಿಕೆಯ ಖರ್ಚಿನ ಲೆಕ್ಕವನ್ನೂ ಕೊಟ್ಟ ಲೇಖನವೊಂದರಲ್ಲಿ ಓದಿದೆ; ಅದರ ಲೇಖಕರ ಈ ಮಾತನ್ನು ಒಪ್ಪಲಾರೆ. ಕೋಣೆ ಸಿಗುವುದು ಸಾಮಾನ್ಯವಾಗಿ ಮಧ್ಯಾಹ್ನ 2ಕ್ಕೆ, ಬಿಡಬೇಕಾದದ್ದು ಮರುದಿನ 11ಕ್ಕೆ; ಈ 21 ಗಂಟೆಗಳಿಗಾಗಿ ಬೆಂಗಳೂರಿನಿಂದ ಸುಮಾರು 250 ಕಿ.ಮೀ. ದೂರದ ಚಿಕ್ಕಮಗಳೂರಿಗೆ ಹೋಗುವವರು, ಅಭ್ಯಂಗದಿಂದ ಇಳಿಸಿಕೊಂಡ ಬೆನ್ನುನೋವನ್ನು ಹಿಂತಿರುಗುವ ದಾರಿಯಲ್ಲೇ ಮತ್ತೆ ಹತ್ತಿಸಿಕೊಳ್ಳುತ್ತಾರೆ. ಕಳೆದ ಚಳಿಗಾಲದಲ್ಲಿ ನಾವಿಬ್ಬರೂ ಐದು ವರ್ಷದ ಮಗಳನ್ನು ಅತ್ತೆಯವರ ಬಳಿ ಬಿಟ್ಟು ನಂದಿಬೆಟ್ಟದ ತಪ್ಪಲಿನ ರೆಸಾರ್ಟೊಂದಕ್ಕೆ ಹೋಗಿದ್ದೆವು. ರಾತ್ರಿ ಒಂಬತ್ತಕ್ಕೆ, ತಲೆಯ ಎಣ್ಣೆಜಿಡ್ಡು ಇನ್ನೂ ಹೋಗಿರದಾಗ, ಮಗುವಿನ ಹಸಿರು ಹೊದಿಕೆ ಎಲ್ಲಿದೆಯೆಂದು ಅತ್ತೆಯವರ ಫೋನ್ ಬಂತು. ಅದು ನಮ್ಮ ಕಾರಿನ ಹಿಂದಿನ ಸೀಟಿನಲ್ಲೇ ಉಳಿದಿತ್ತು. ಮನೆ ಒಂದೂವರೆ ಗಂಟೆಯ ದಾರಿಯಾದ್ದರಿಂದ, ಬೇಕೆಂದರೆ ಕೊಟ್ಟು ಬರಬಹುದೆಂಬ ಧೈರ್ಯವಿತ್ತು. ಆ ಧೈರ್ಯವಿದ್ದದ್ದರಿಂದಲೇ ಹೋಗಲಿಲ್ಲ. (ಅವಳು ಅಜ್ಜಿಯ ಹಳೆಯ ಸೀರೆ ಹೊದ್ದು ಮಲಗಿದಳಂತೆ.) ಇನ್ನು ಖರ್ಚಿನ ವಿಷಯ: ಕೋಣೆಯ ಬಾಡಿಗೆ ದಿನಕ್ಕೆ 7,500 ರೂಪಾಯಿ ದಾಟಿದರೆ ಶೇ. 18 ಜಿಎಸ್‌ಟಿ ಸೇರುತ್ತದೆ, ಲೇಖನದ ಲೆಕ್ಕದಲ್ಲಿ ಅದನ್ನು ಕೈಬಿಡಲಾಗಿದೆ.